ನಾಲ್ಕಾಳಿನ ಗಾಡಿ

ನಮ್ಮೂರಿನಲ್ಲಿ ಹೊಸದಾಗಿ ಗಾಡಿ ತಂದವನನ್ನು ಯಾರೂ ಅದರ ಬೆಲೆ ಕೇಳುವುದಿಲ್ಲ, ಎಷ್ಟು ಜೋರಾಗಿ ಓಡುತ್ತದೆ ಎಂದೂ ಕೇಳುವುದಿಲ್ಲ. "ಎಷ್ಟಾಳಿನದು?" ಎಂದು ಕೇಳುತ್ತಾರೆ. ಎತ್ತಲು ಎಷ್ಟು ಜನ ಬೇಕು ಎಂದರ್ಥ. ನಾಲ್ಕಾಳಿನದು ಎಂದರೆ "ಪರವಾಗಿಲ್ಲ, ಜಾಣ" ಎನ್ನುತ್ತಾರೆ. ಆರಾಳಿನದು ಎಂದರೆ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಅಷ್ಟು ಜನ ನಿನ್ನ ಜೊತೆ ಮಾತಾಡ್ತಾರೇನಪ್ಪ?" ಎಂದು ಕೇಳಿಯೇ ಬಿಡುತ್ತಾರೆ. ನನ್ನದು ಆರಾಳಿನದು. ನನ್ನ ಜೊತೆ ಮಾತಾಡುವವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು, ಅದರಲ್ಲೂ ಹೆಬ್ಬೆರಳು ಮಿಕ್ಕುತ್ತದೆ.

ಬೀದಿಯಲ್ಲಿ ಗಾಲಿ ಹಿಂದಕ್ಕೆ ಉರುಳಬಾರದು. ನಮ್ಮೂರಿಗೆ ಇರುವುದು ಇದೊಂದೇ ಕಟ್ಟಳೆ. ತೆಂಗಿನಕಾಯಿ ಕದ್ದವನನ್ನು ಬೈದು ಬಿಟ್ಟಿದ್ದೇವೆ, ಹೆಂಡತಿಯ ತಂಗಿಯ ಜೊತೆ ಓಡಿಹೋದವನನ್ನು ಎರಡು ವರ್ಷವಾದ ಮೇಲೆ ಕರೆದು ಊಟಕ್ಕೆ ಕೂರಿಸಿದ್ದೇವೆ, ಆದರೆ ಗಾಲಿಯನ್ನು ಒಂದು ಗೇಣು ಹಿಂದಕ್ಕೆ ಉರುಳಿಸಿದವನನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ತಳ್ಳುಗಾಡಿಗೂ ಅದೇ, ಮಕ್ಕಳು ನಡೆ ಕಲಿಯುವ ಮೂರು ಗಾಲಿಯ ಮರದ ಗಾಡಿಗೂ ಅದೇ. ಊರಿಗೆ ಬೀದಿ ಒಂದೇ. ಗುಡ್ಡವನ್ನು ಬಳಸಿ, ಕೆರೆಯ ಏರಿಯ ಮೇಲೆ ಹಾದು, ಹೊರಟಲ್ಲಿಗೇ ಬಂದು ಸೇರುತ್ತದೆ. ಎರಡೂ ಕಡೆ ಮನೆಗಳ ಗೋಡೆ, ನಡುವೆ ಒಂದೂವರೆ ಗಾಡಿಯಷ್ಟು ಜಾಗ, ತಿರುಗಿಸಲು ಸಾಲದು, ಎಲ್ಲರೂ ಒಂದೇ ದಿಕ್ಕಿಗೆ. ಸಕ್ಕರೆ ಅಂಗಡಿ ದಾಟಿ ಮುಂದೆ ಬಂದ ಮೇಲೆ ಸಕ್ಕರೆ ನೆನಪಾದರೆ ಮತ್ತೊಂದು ಸುತ್ತು. ಒಂದು ಸುತ್ತಿಗೆ ಮುಕ್ಕಾಲು ಗಂಟೆ.

ಸುತ್ತು ಬೇಡವೆಂದರೆ ಎತ್ತಬೇಕು. ಹಾರನ್ನನ್ನು ಮೂರು ಸಲ ಉದ್ದಕ್ಕೆ ಒತ್ತಿದರೆ ಅಕ್ಕಪಕ್ಕದವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬರುತ್ತಾರೆ. ಗಾಲಿ ನೆಲ ಬಿಡುವಷ್ಟು ಗಾಡಿಯನ್ನು ಎತ್ತಿ, ಬೇಕಾದ ಬಾಗಿಲಿನವರೆಗೆ ಹಿಂದಕ್ಕೆ ಹೊತ್ತು, ಮೆಲ್ಲಗೆ ಇಳಿಸಿ, ಕೈ ಒರೆಸಿಕೊಂಡು ಹೋಗುತ್ತಾರೆ. ಮನುಷ್ಯರ ಕಾಲು ಹಿಂದಕ್ಕೆ ಹೋದರೆ ಯಾರದೂ ಅಡ್ಡಿಯಿಲ್ಲ. ಯಾರು ಎಷ್ಟು ಸಲ ಬಂದರು ಎಂದು ಯಾರೂ ಲೆಕ್ಕ ಇಡುವುದಿಲ್ಲ, ಆದರೆ ಬಾರದವರನ್ನು ಯಾರೂ ಮರೆಯುವುದೂ ಇಲ್ಲ.

ಇಂಥ ಊರಿಗೆ ದೊಡ್ಡ ಕಾರು ಬಂದು ಏನು ಮಾಡೀತು? ನಮ್ಮಲ್ಲಿ ಓಡುವುದೆಲ್ಲ ಮೊಟ್ಟೆಗಾಡಿ. ಅಪ್ಪನ ಕಾಲದಲ್ಲಿ ಒಂದು ಗೂಡ್ಸ್ ರೈಲಿನಲ್ಲಿ ಅರವತ್ತೆರಡು ಬಂದಿದ್ದವಂತೆ. ಮುಂದೆ ಎರಡು ಗಾಲಿ, ಹಿಂದೆ ಒಂದು. ಒಳಗೆ ಇಬ್ಬರು ಒತ್ತಿಕೊಂಡು ಕೂರುವ ಒಂದು ಬೆಂಚು. ಬಾಗಿಲು ಮಾತ್ರ ಪಕ್ಕದಲ್ಲಿಲ್ಲ, ಮೂತಿಯಲ್ಲಿ. ಮೂತಿಗೆ ಮೂತಿಯೇ ತೆರೆದುಕೊಳ್ಳುತ್ತದೆ. ಮೊದಲ ಸಲ ನೋಡಿದಾಗ ನಮ್ಮಜ್ಜಿ, "ಅಯ್ಯೋ, ಇದು ಆಕಳಿಸುತ್ತಲ್ಲೋ!" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

ತಂದದ್ದನ್ನು ತಂದ ಹಾಗೆ ಇಟ್ಟುಕೊಂಡರೆ ನಮ್ಮೂರಿನವರಿಗೆ ಊಟ ಸೇರುವುದಿಲ್ಲ. ಟೈಲರ್ ನಂಜುಂಡ ಹಿಂದಿನ ಗಾಲಿಗೆ ಬೆಲ್ಟು ಹಾಕಿ ಹೊಲಿಗೆ ಮಿಷನ್ನಿಗೆ ಜೋಡಿಸಿದ. ಗಾಡಿ ಓಡಿದರೆ ಮಾತ್ರ ಸೂಜಿ ಓಡುತ್ತದೆ, ಆದ್ದರಿಂದ ಒಂದು ಅಂಗಿಗೆ ಮೂರು ಸುತ್ತು ಎಂದು ಅವನ ಲೆಕ್ಕ, ಏರಿಯ ತಿರುವಿನಲ್ಲಿ ಹೊಲಿದ ಕಾಲರು ಮಾತ್ರ ಯಾವಾಗಲೂ ಸೊಟ್ಟ. ಇಡ್ಲಿ ಗೌರಕ್ಕ ಇಂಜಿನ್ನಿನ ಮೇಲೆಯೇ ಹಬೆಪಾತ್ರೆ ಕೂರಿಸಿಕೊಂಡಳು. ಹುಳಿ ಹಿಟ್ಟಿನ ಜೊತೆ ಚೂರು ಪೆಟ್ರೋಲು ವಾಸನೆ ಇರುತ್ತಿತ್ತು ನಿಜ, ಆದರೆ ಅದಿಲ್ಲದ ಇಡ್ಲಿ ತಿಂದರೆ ಈಗ ನಮಗೇ ಏನೋ ಕಡಿಮೆ ಅನ್ನಿಸುತ್ತದೆ. ಎಲ್ಲರನ್ನೂ ಮೀರಿಸಿದವರು ಡ್ರಾಯಿಂಗ್ ಮೇಷ್ಟ್ರು ಕೆಂಪಯ್ಯನವರು. ಎರಡು ಗಾಡಿಗಳ ಮೂತಿ ಕೊಯ್ದು ಬೆನ್ನಿಗೆ ಬೆನ್ನು ಬೆಸೆದು, ಆ ಕಡೆಗೂ ಈ ಕಡೆಗೂ ಹೋಗುವ ಗಾಡಿ ಮಾಡಿದರು. ಊರ ಹಿರಿಯರು ಮೂರು ದಿನ ಕಟ್ಟೆಯ ಮೇಲೆ ಕೂತು ವಾದ ಮಾಡಿದರು. ಮೇಷ್ಟ್ರು, "ಸ್ವಾಮಿ, ಈ ಗಾಡಿಗೆ ಹಿಂಭಾಗ ಅನ್ನೋದೇ ಇಲ್ಲ, ಹಿಂದಕ್ಕೆ ಹೋಗೋದು ಹೇಗೆ?" ಎಂದರು. ಇಳಿದು ಸುತ್ತಿ ಬಂದು ಆ ಕಡೆ ಕೂತರೆ ಮುಂದೆ, ಕೂತಲ್ಲೇ ಕೂತರೆ ಹಿಂದೆ ಎಂದು ತೀರ್ಮಾನವಾಯಿತು. ಅಳಿಯ ಅಲ್ಲ, ಮಗಳ ಗಂಡ! ಮರುದಿನ ಬೆಳಿಗ್ಗೆಯೇ ಮೇಷ್ಟ್ರು ಎದುರು ದಿಕ್ಕಿನಿಂದ ಬಂದು ಗೌರಕ್ಕನ ಗಾಡಿಗೆ ಮೂತಿಗೆ ಮೂತಿ ತಗುಲಿಸಿಕೊಂಡರು. ಅವಳಿಗೂ ಬಾಗಿಲು ತೆರೆಯಲಾಗದು, ಇವರಿಗೂ ಆಗದು. ಆ ಕಡೆಯ ಬಾಗಿಲಿನಿಂದ ಇಳಿಯಬಹುದೆಂದು ಮೇಷ್ಟ್ರಿಗೆ ನೆನಪಾಗುವ ಹೊತ್ತಿಗೆ ಇಡ್ಲಿ ಎಲ್ಲ ಕಲ್ಲಾಗಿತ್ತು. ಗೌರಕ್ಕ ಒಳಗಿನಿಂದಲೇ ಬೈದ ಬೈಗುಳವನ್ನು ನಾವು ಒಂದು ತಿಂಗಳು ಬಾಯಿಪಾಠ ಮಾಡಿದೆವು.

ಆ ಗಾಡಿಗಳಿಗೆಲ್ಲ ಬೆಸುಗೆ ಹಾಕಿದವರು ನಾವು. ಅಪ್ಪ ತಗಡು ಕೆಲಸದವನು. ನಾನು ರಾಚಪ್ಪ, ದೊಡ್ಡವನು. ನನ್ನ ತಮ್ಮ ಗುರುಮಲ್ಲ ನನಗಿಂತ ಐದು ವರ್ಷಕ್ಕೆ ಚಿಕ್ಕವನು. ಇಬ್ಬರೂ ಅಪ್ಪನ ಕೈಕೆಳಗೇ ಬೆಂಕಿ ಹಿಡಿಯುವುದನ್ನು ಕಲಿತೆವು. ಗುರು ನಿಧಾನಿ, ಒಂದು ಕೆಲಸ ಹಿಡಿದರೆ ಉಜ್ಜಿ ಉಜ್ಜಿ ಕನ್ನಡಿ ಮಾಡುವವನು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಮ್ಮ ಮನೆಯಲ್ಲೂ ಒಂದು ಮೊಟ್ಟೆಗಾಡಿ ಇತ್ತು. ಅಪ್ಪ ಎಲ್ಲರ ಗಾಡಿಯನ್ನೂ ಕೊಯ್ದು ತಿದ್ದಿದ, ತನ್ನದನ್ನು ಮಾತ್ರ ಬಂದ ಹಾಗೇ ಇಟ್ಟುಕೊಂಡ. ನಾಲ್ಕಾಳಿನ ಗಾಡಿ. ನಾನು, ಗುರು, ನನ್ನ ಹೆಂಡತಿ ನೀಲಮ್ಮ, ಗುರುವಿನ ಹೆಂಡತಿ ಚೆನ್ನಾಜಿ, ನಾಲ್ವರು ನಾಲ್ಕು ಮೂಲೆ ಹಿಡಿದರೆ ಅಪ್ಪ ಒಳಗೆ ಕೂತೇ ಇರುತ್ತಿದ್ದ. ಚೆನ್ನಾಜಿ ಕಡ್ಡಿಯಂಥ ಹುಡುಗಿ, "ಮಾವ, ನೀವಾದ್ರೂ ಇಳೀಬಾರ್ದಾ!" ಎಂದು ನಗುತ್ತಾ ತನ್ನ ಮೂಲೆಯನ್ನು ಎಲ್ಲರಿಗಿಂತ ಮೇಲೆ ಎತ್ತುತ್ತಿದ್ದಳು.

ಅಪ್ಪ ಹೋದ ಮೇಲೆ ಗಾಡಿ ಯಾರದು ಎಂಬ ಮಾತು ಬಂತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಸುಮ್ಮನೆ ಹೇಳಿದ್ದಾರೆಯೇ? ಶೆಡ್ಡು ನಿನಗೆ, ಗಾಡಿ ನನಗೆ ಎಂದ ಗುರು. ಅವನು ಕೇಳಿದ್ದು ತಪ್ಪೇನಲ್ಲ, ಈಗ ಹೇಳುತ್ತೇನೆ. ಆಗ ನನಗೆ, ದೊಡ್ಡ ಮಗ ನಾನು, ಅಪ್ಪ ಕೂತ ಜಾಗದಲ್ಲಿ ಕೂರಬೇಕಾದವನು ನಾನು ಎಂದು ತಲೆಗೇರಿತ್ತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನು "ಸಮಪಾಲು ತಾನೆ ನಿನಗೆ ಬೇಕು? ತಗೋ" ಎಂದವನೇ ಹ್ಯಾಕ್ಸಾ ತಂದು ಗಾಡಿಯನ್ನು ನಟ್ಟನಡುವೆ ಕೊಯ್ದುಬಿಟ್ಟೆ. ಅರ್ಧ ದಿನ ಹಿಡಿಯಿತು. ಗುರು ಜಗಲಿಯ ಕಂಬ ಹಿಡಿದುಕೊಂಡು ನಿಂತು ನೋಡಿದ. ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತದೆಯೇ?

ಬಾಗಿಲು, ಸ್ಟೇರಿಂಗು, ಬೆಂಚು, ಎರಡು ಗಾಲಿ ಇದ್ದ ಮುಂಭಾಗ ನನಗೆ. ಇಂಜಿನ್ನು, ಒಂದು ಗಾಲಿ ಇದ್ದ ಹಿಂಭಾಗ ಅವನಿಗೆ. ನಾನು ನನ್ನ ಅರ್ಧಕ್ಕೆ ನೀಲಮ್ಮನ ತವರಿನಿಂದ ಬಂದಿದ್ದ ಉಕ್ಕಿನ ಬೀರುವನ್ನು ಅಡ್ಡ ಮಲಗಿಸಿ ಬೆಸೆದೆ, ಅದರ ಕೆಳಗಿನ ಖಾನೆಯಲ್ಲಿ ನೀರೆತ್ತುವ ಪಂಪಿನ ಇಂಜಿನ್ನು ಕೂರಿಸಿ, ಅಡಿಗೆ ಒಂದು ಗಾಲಿ ಹಾಕಿದೆ. ಗಾಡಿ ಆರಾಳಿನದಾಯಿತು. ಸೀರೆಗಳನ್ನು ಪೆಟ್ಟಿಗೆಗೆ ತುಂಬುತ್ತಾ ನೀಲಮ್ಮ, "ನಿಮ್ಮ ಗಾಡಿ ಎತ್ತೋಕೆ ನಾನಂತೂ ಬರಲ್ಲ, ಹೇಳಿದೀನಿ" ಎಂದಳು. ಗುರು ತನ್ನ ಅರ್ಧಕ್ಕೆ ರಾಗಿ ತುಂಬುವ ದೊಡ್ಡ ತಗಡಿನ ಡಬ್ಬ, ಸೈಕಲ್ಲಿನ ಹ್ಯಾಂಡಲ್ಲು, ಅದರದೇ ಎರಡು ಗಾಲಿ, ಶಾಲೆಯ ಹಳೇ ಬೆಂಚು ಇಷ್ಟನ್ನು ಜೋಡಿಸಿದ. ನೋಡಲು ಮೊರದಲ್ಲಿ ಕೂತ ಕಪ್ಪೆಯ ಹಾಗಿತ್ತು, ಆದರೆ ನಾಲ್ಕಾಳಿನದಾಗಿಯೇ ಉಳಿಯಿತು. ಅವನ ಕೈಗುಣ. ನಾವಿಬ್ಬರೂ ಮಾತು ಬಿಟ್ಟೆವು. ಅವನು ಬೇರೆ ಮನೆ ಮಾಡಿದ. ಊರಿಗೆ ಬೀದಿ ಒಂದೇ ಆದ್ದರಿಂದ ದಿನಕ್ಕೊಮ್ಮೆ ಅವನ ಮನೆಯನ್ನು ನಾನೂ, ನನ್ನ ಶೆಡ್ಡನ್ನು ಅವನೂ ದಾಟಲೇಬೇಕಿತ್ತು. ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡು ದಾಟುತ್ತಿದ್ದೆವು.

ಇದಾಗಿ ಎರಡು ವರ್ಷಕ್ಕೆ ಒಂದು ದಿನ. ಆ ದಿನದ ಮಾತನ್ನು ನಾನು ಯಾರಿಗೂ ಹೇಳಿದವನಲ್ಲ, ನೀಲಮ್ಮನಿಗೂ ಹೇಳಿರಲಿಲ್ಲ.

ಅವತ್ತು ಕೆರೆಯ ಆಚೆ ಬದಿಯಲ್ಲಿ ಒಂದು ದೊಡ್ಡ ಮದುವೆ. ಮಧ್ಯಾಹ್ನ ಹನ್ನೆರಡರ ಹೊತ್ತು, ನಮ್ಮ ಬದಿಯ ಬೀದಿ ಖಾಲಿ ಹೊಡೆಯುತ್ತಿತ್ತು. ಅಲ್ಲಿಗೆ ಗುರು ಬರುತ್ತಾನೆ, ಒಂದೇ ಪಂಕ್ತಿಯಲ್ಲಿ ಕೂರಬೇಕಾಗುತ್ತದೆ ಎಂದು ನಾನು ಹೋಗಲಿಲ್ಲ. ನೀಲಮ್ಮನನ್ನು ಕಳಿಸಿ ಶೆಡ್ಡಿನ ಬಾಗಿಲು ಅರ್ಧ ಮುಚ್ಚಿಕೊಂಡು ಒಳಗೆ ತಗಡು ಬಡಿಯುತ್ತಾ ಕೂತಿದ್ದೆ. ಆಗ ಹೊರಗೆ ಹಾರನ್ನು ಕೇಳಿತು. ಮೂರು ಸಲ, ಉದ್ದಕ್ಕೆ. ಆಮೇಲೆ ಗುರುವಿನ ದನಿ: "ಯಾರಾದ್ರೂ ಬನ್ರಪ್ಪಾ! ಇನ್ನೊಬ್ಬರು ಬೇಕು!"

ನಾನು ಸುತ್ತಿಗೆ ಹಿಡಿದುಕೊಂಡು ಹಾಗೇ ಕೂತೆ. ಅಣ್ಣಾ ಎಂದು ಕರೆಯಲಿ, ಹೋಗುತ್ತೇನೆ ಅಂದುಕೊಂಡೆ. ಶೆಡ್ಡು ಯಾರದು ಎಂದು ಅವನಿಗೆ ಗೊತ್ತಿಲ್ಲವೇ? ಒಂದು ಸಲ ಅಣ್ಣಾ ಅನ್ನಲಿ. ಕಿವಿ ಅಷ್ಟೂ ಬಾಗಿಲಿನ ಕಡೆಗಿತ್ತು, ಕಾಲು ಮಾತ್ರ ಏಳಲಿಲ್ಲ. ಅವನು ಇನ್ನೊಮ್ಮೆ ಯಾರಾದ್ರೂ ಬನ್ರಪ್ಪಾ ಎಂದ, ಅಣ್ಣಾ ಎನ್ನಲಿಲ್ಲ. ಎಲೆಯಡಿಕೆ ಹಾಕಿ ಉಗುಳುವಷ್ಟು ಹೊತ್ತಾದ ಮೇಲೆ ಇಂಜಿನ್ನು ಶುರುವಾಗಿ ಗಾಡಿ ಮುಂದೆ ಹೋದ ಸದ್ದು ಕೇಳಿತು. ಹೋಗಲಿ, ಒಂದು ಸುತ್ತು ಬರಲಿ, ಬುದ್ಧಿ ಬರುತ್ತದೆ ಎಂದು ಮತ್ತೆ ತಗಡು ಬಡಿಯತೊಡಗಿದೆ.

ಸಂಜೆ ಟೈಲರ್ ನಂಜುಂಡ ಬಂದು ಶೆಡ್ಡಿನ ಮುಂದೆ ಕುಕ್ಕರಿಸಿ ಹೇಳಿದ. ಚೆನ್ನಾಜಿಗೆ ಸೌದೆ ರಾಶಿಯಲ್ಲಿ ಹಾವು ಕಚ್ಚಿತ್ತು. ಗುರು ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಡಾಕ್ಟರಮ್ಮನ ಮನೆಗೆ ಬಂದ. ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕು ಹಿಡಿಯಲಿಲ್ಲ, ಗಾಡಿ ಅವರ ಬಾಗಿಲು ದಾಟಿ ಇಪ್ಪತ್ತು ಮಾರು ಕೆಳಗೆ, ನನ್ನ ಶೆಡ್ಡಿನ ಹತ್ತಿರ ಬಂದು ನಿಂತಿತು. ಒಳಗೆ ಒಂದು ಹೆರಿಗೆ ನಡೆದಿತ್ತು, ಡಾಕ್ಟರಮ್ಮ ಹೊಸ್ತಿಲಿಗೂ ಬರುವ ಹಾಗಿರಲಿಲ್ಲ. ನಂಜುಂಡ ಓಡಿ ಬಂದ, ಎಳನೀರು ಮಾರುವವನೊಬ್ಬ ಬಂದ, ಗುರು ಸೇರಿ ಮೂವರು. ಎತ್ತಿದರು. ಎತ್ತಲಾಗದ ಮೂಲೆ ನೆಲಕ್ಕೆ ಒರಗಿ, ಆ ಗಾಲಿ ನಾಲ್ಕು ಬೆರಳಿನಷ್ಟು ಹಿಂದಕ್ಕೆ ತಿರುಗಿತಂತೆ. ಮೂವರೂ ಹೆದರಿ ಕೈಬಿಟ್ಟರು. ನಾಲ್ಕನೆಯವರು ಯಾರಾದರೂ ಬಂದಾರೆಂದು ಕಾದರು. ಬಾರದಿದ್ದಾಗ ಗುರು ಸುತ್ತು ಹೊರಟ. ಏರಿ ದಾಟುವಾಗ ಚೆನ್ನಾಜಿಯ ತಲೆ ಅವನ ಹೆಗಲಿನಿಂದ ಜಾರಿತು.

"ನೀನೆಲ್ಲಿದ್ಯೋ ರಾಚಪ್ಪ?" ಎಂದ ನಂಜುಂಡ.

"ಮದುವೆಗೆ ಹೋಗಿದ್ದೆ" ಎಂದೆ. ನಾಲಿಗೆ ತಾನಾಗಿ ಹೇಳಿಬಿಟ್ಟಿತು.

ನೀಲಮ್ಮ ಊಟಕ್ಕೆ ಬಡಿಸುವಾಗ, "ಮದುವೆ ಮನೇಲಿ ನೀವು ಕಾಣಲೇ ಇಲ್ಲ" ಎಂದಳು. ಕೊನೇ ಪಂಕ್ತಿಯಲ್ಲಿ ಕೂತಿದ್ದೆ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಮಣ್ಣಿಗೆ ಹೋದೆ. ಜನದ ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿ ಬಂದೆ. ಗುರು ತಲೆಯೆತ್ತಿ ನನ್ನ ಕಡೆ ನೋಡಿದ.

ಆರು ವರ್ಷ. ಈ ಆರು ವರ್ಷ ನನ್ನ ಕಿವಿಗೆ ಹಾರನ್ನು ಬಿದ್ದರೆ ನಾನು ಎಲ್ಲಿದ್ದರೂ ಓಡಿದ್ದೇನೆ. ಜ್ವರದಲ್ಲಿ ಎದ್ದು ಓಡಿದ್ದೇನೆ, ಬಾಯಲ್ಲಿ ತುತ್ತು ಇಟ್ಟುಕೊಂಡು ಓಡಿದ್ದೇನೆ. "ರಾಚಪ್ಪನಿಗೆ ವಯಸ್ಸಾದ ಮೇಲೆ ಒಳ್ಳೇ ಬುದ್ಧಿ ಬಂತು" ಎಂದು ಜನ ಹೇಳುವುದು ಕಿವಿಗೆ ಬಿದ್ದರೆ ತಲೆ ತಗ್ಗಿಸಿ ಅಲ್ಲಿಂದ ಜಾರುತ್ತಿದ್ದೆ. ನನಗೆ ಬೇಕಿದ್ದದ್ದು ಆ ಹೊಗಳಿಕೆಯಲ್ಲ. ಗುರುವಿನ ಎದುರು ನಿಂತು, ನಾನು ಶೆಡ್ಡಿನಲ್ಲೇ ಇದ್ದೆ ಕಣೋ ಎಂದು ಒಂದು ಸಲ ಹೇಳಬೇಕಿತ್ತು. ಅಷ್ಟು ಹೇಳದೆ ಸತ್ತರೆ ಅಪ್ಪನಿಗೆ ಅಲ್ಲಿ ಯಾವ ಮುಖ ತೋರಿಸಲಿ? ದಿನಾ ಅವನ ಮನೆ ಬರುವಾಗ ಇವತ್ತು ನಿಲ್ಲಿಸುತ್ತೇನೆ ಅಂದುಕೊಳ್ಳುತ್ತಿದ್ದೆ. ಮನೆ ದಾಟುತ್ತಿತ್ತು. ದಾಟಿದ ಮೇಲೆ ಹಿಂದಕ್ಕೆ ಹೋಗುವ ಹಾಗಿಲ್ಲವಲ್ಲ, ನಾಳೆ ನೋಡೋಣ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹೇಡಿಗೆ ನಮ್ಮೂರಿನ ಕಟ್ಟಳೆಯಷ್ಟು ಅನುಕೂಲವಾದದ್ದು ಬೇರೆ ಇಲ್ಲ.

ಮೊನ್ನೆ ಮಾಘದಲ್ಲಿ ಒಂದು ಮಧ್ಯಾಹ್ನ ತಗಡಿನ ಹಾಳೆ ತರಲು ಹೋಗಿ ಬರುತ್ತಿದ್ದೆ. ಗುರುವಿನ ಮನೆಯ ಹತ್ತಿರ ಒಂದು ಕೋಳಿ ಮರಿಗಳ ಸಮೇತ ಬೀದಿಗೆ ಇಳಿಯಿತು. ಎಡಕ್ಕೆ ಎಳೆದೆ, ಬ್ರೇಕು ಒತ್ತಿದೆ, ಅದರ ಕಡ್ಡಿ ಪಟ್ಟೆಂದು ಮುರಿಯಿತು. ಗಾಡಿ ಹೋಗಿ ಗುರುವಿನ ಮನೆಯ ಗೋಡೆಗೆ ಮೂತಿ ಗುದ್ದಿ ನಿಂತಿತು. ಬಾಗಿಲು ಗೋಡೆಗೆ ಅಂಟಿಕೊಂಡಿತ್ತು. ಪೆಡಲಿನ ಕೆಳಗೆ ಸಿಕ್ಕಿದ ಬಲಗಾಲು ಕಳಕ್ ಎಂದಿತು, ಎಳೆದು ಬಿಡಿಸಿಕೊಳ್ಳುವ ಹೊತ್ತಿಗೆ ಊದಿ ಕುಂಬಳಕಾಯಿಯಾಗಿತ್ತು. ಮೊಟ್ಟೆಗಾಡಿಯ ನೆತ್ತಿಯಲ್ಲಿ ಬಟ್ಟೆಯ ಒಂದು ಕಿಂಡಿ ಇರುತ್ತದೆ, ಇಂಥ ಹೊತ್ತಿಗೆಂದೇ ಇಟ್ಟದ್ದು. ಸೋರುತ್ತದೆ ಎಂದು ನಾನೇ ಅದಕ್ಕೆ ತಗಡು ಬೆಸೆದಿದ್ದೆ. ಬೀರುವಿನ ಬಾಗಿಲು ಗಡಗಡ ಎನ್ನುತ್ತದೆ ಎಂದು ಅದಕ್ಕೂ ಬೆಸುಗೆ ಹಾಕಿದ್ದೆ. ಪಕ್ಕದ ಕಿಟಕಿಯಲ್ಲಿ ತೂರುವುದು ಒಂದು ಕೈ ಮಾತ್ರ. ಮಾಡಿದ್ದುಣ್ಣೋ ಮಹರಾಯ.

ಹಾರನ್ನು ಮೂರು ಸಲ ಒತ್ತಿದೆ. ಎಲ್ಲರೂ ಹೊಲಕ್ಕೆ ಹೋದ ಹೊತ್ತು, ಯಾರೂ ಬರಲಿಲ್ಲ. ಮತ್ತೆ ಒತ್ತಲು ಧೈರ್ಯ ಬರಲಿಲ್ಲ. ಮನೆಯ ಬಾಗಿಲು ತೆರೆದು ಗುರು ಹೊರಗೆ ಬಂದ. ಕೈಯಲ್ಲಿ ಕೋಳಿಗೆ ಹಾಕುವ ನುಚ್ಚಿನ ತಟ್ಟೆ. ಎಷ್ಟು ಬೆಳ್ಳಗಾಗಿದ್ದ! ಅವನು ಬಂದು ಗಾಜಿನ ಆಚೆ ನಿಂತು, ಬಗ್ಗಿ ನನ್ನನ್ನೂ ಗೋಡೆಯನ್ನೂ ಬೀರುವನ್ನೂ ನೋಡಿದ.

"ಆರಾಳು" ಎಂದ. ಎಂಟು ವರ್ಷದ ಮೇಲೆ ನನ್ನ ತಮ್ಮ ಆಡಿದ ಮೊದಲ ಮಾತು.

"ಹೂಂ" ಎಂದೆ.

"ಈ ಹೊತ್ತಲ್ಲಿ ಆರಾಳು ಎಲ್ಲಿಂದ ತರೋದು. ಮೇಲ್ಗಡೆ ಕಿಂಡಿ ಇತ್ತಲ್ಲ?"

"ಸೋರ್ತಿತ್ತು. ಬೆಸೆದೆ."

"ಬೀರು ಬಾಗಿಲು?"

"ಅದೂ ಬೆಸೆದೆ."

"ನೀನು ಹಾಕಿದ ಬೆಸುಗೆ ಬಿಡಲ್ಲ."

"ಬಿಡಲ್ಲ" ಎಂದೆ. ಅಂಥ ಹೊತ್ತಿನಲ್ಲೂ ಒಂಚೂರು ಜಂಬ ಬಂತು ನೋಡಿ!

ಅವನು ತಟ್ಟೆ ಕೆಳಗಿಟ್ಟು ಒಳಗೆ ಹೋದ. ಬಾಗಿಲ ಸಂದಿನಲ್ಲಿ ಹಿತ್ತಿಲು ಕಾಣುತ್ತಿತ್ತು. ಅಲ್ಲಿ ಅವನ ಗಾಡಿ ನಿಂತಿತ್ತು, ಬೆಂಚಿನ ಮೇಲೆ ಕೋಳಿಗಳು ಕೂತಿದ್ದವು. ಚೆನ್ನಾಜಿ ಹೋದ ಮೇಲೆ ಅವನು ಅದನ್ನು ಬೀದಿಗೆ ಇಳಿಸಿರಲಿಲ್ಲ. ಹ್ಯಾಕ್ಸಾ ಹಿಡಿದು ಬಂದವನು ಅಪ್ಪನ ಗಾಡಿಗೂ ನೀಲಮ್ಮನ ಬೀರುವಿಗೂ ನಡುವಿನ ಕೂಡಿಗೆಗೆ ಬ್ಲೇಡು ಹಚ್ಚಿ ನಿಧಾನವಾಗಿ ಕೊಯ್ಯತೊಡಗಿದ. ನನ್ನ ಬೆನ್ನಿಗೇ ಬಂದು ತಾಗುವ ಸದ್ದು. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವನಿಗೆ ಕಾಣುತ್ತಿರಲಿಲ್ಲ. ಈಗ ಹೇಳದಿದ್ದರೆ ಮತ್ತೆ ಯಾವಾಗ?

"ಗುರು, ಅವತ್ತು ನಾನು ಮದುವೆಗೆ ಹೋಗಿರಲಿಲ್ಲ ಕಣೋ."

ಹ್ಯಾಕ್ಸಾ ನಿಲ್ಲಲಿಲ್ಲ. "ಗೊತ್ತು" ಎಂದ.

"ಶೆಡ್ಡಲ್ಲೇ ಇದ್ದೆ. ನೀನು ಕರೆದದ್ದು ಕೇಳಿಸ್ತು. ಅಣ್ಣಾ ಅಂತ ಕರೀಲಿ ಅಂತ ಕೂತ್ಕೊಂಡಿದ್ದೆ. ಹಾವು ಅಂತ ಗೊತ್ತಿರಲಿಲ್ಲ, ಚೆನ್ನಾಜಿ ಒಳಗಿದಾಳೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ರೆ..." ಗೊತ್ತಿದ್ದರೆ ಓಡಿ ಬರುತ್ತಿದ್ದೆ ಎಂದು ಹೇಳಿದರೆ ಸು‍ಳ್ಳೋ ನಿಜವೋ ನನಗೇ ತಿಳಿಯಲಿಲ್ಲ. ಅರವತ್ತರ ಮುದುಕ, ಬೀರುವಿಗೆ ಬೆನ್ನು ಕೊಟ್ಟು ಮಗುವಿನ ಹಾಗೆ ಅತ್ತೆ.

"ನೀನು ತಗಡು ಬಡೀತಿದ್ದೆ" ಎಂದ ಗುರು. ಕೊಯ್ಯುತ್ತಲೇ ಹೇಳಿದ. "ಹಾರನ್ ಹೊಡೆದ ಕೂಡ್ಲೆ ಸುತ್ತಿಗೆ ಸದ್ದು ನಿಂತ್ಹೋಯ್ತು. ನಾನು ಅಣ್ಣಾ ಅಂತ ಕೂಗೋಕೆ ಬಾಯಿ ತೆರೆದಿದ್ದೆ ಕಣಣ್ಣ. ಅವಳೇ ಬೇಡ ಅಂದ್ಲು. ಕರೀಬೇಡಿ, ಕರೆದ್ರೆ ಭಾವ ಹಟ ಮಾಡ್ತಾರೆ, ಸುತ್ತಿಗೆ ನಿಲ್ಸಿದಾರಲ್ಲ, ತಾವಾಗೇ ಬರ್ತಾರೆ, ಒಂದು ಗಳಿಗೆ ತಡೀರಿ ಅಂದ್ಲು. ತಡೆದ್ವಿ."

ಸುತ್ತಿಗೆ ನಿಲ್ಲಿಸದೆ ಬಡಿಯುತ್ತಲೇ ಇದ್ದಿದ್ದರೆ ಅವರು ಕಾಯುತ್ತಲೇ ಇರಲಿಲ್ಲ. ಇಲ್ಲವೇ ಅವನು ಅಣ್ಣಾ ಎಂದು ಕೂಗುತ್ತಿದ್ದ, ನಾನು ಏಳುತ್ತಿದ್ದೆ. ಎದ್ದು ಬಾರದವನ ತಪ್ಪು ಒಂದು ಎಂದುಕೊಂಡಿದ್ದೆ, ಬಂದಾನೆಂದು ನಂಬಿಸಿದ ತಪ್ಪು ಇನ್ನೊಂದು ಇತ್ತು. ಅವಳು ನನ್ನ ಮೇಲೆ ಇಟ್ಟ ಆ ನಂಬಿಕೆಯನ್ನು ನಾನು ಎಲ್ಲಿ ಹೊತ್ತು ಹಾಕಲಿ?

"ಬೈಯೋ" ಎಂದೆ. "ಏನಾದ್ರೂ ಬೈಯೋ ಗುರು."

ಬ್ಲೇಡು ಮುರಿಯಿತು, ಇನ್ನೊಂದು ಹಾಕಿಕೊಂಡ. ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಬೀರು ಒಂದು ಕಡೆಗೆ ವಾಲಿ, ನನ್ನ ಬೆನ್ನಿಗೆ ಗಾಳಿ ತಾಗಿತು. ತಿರುಗಿ ಕಾಲೂರಲು ನೋಡಿದೆ. ಬಲಗಾಲು ನೆಲಕ್ಕೆ ತಾಗಿದ್ದೇ ತಡ ಪ್ರಾಣವೇ ಹೋದ ಹಾಗಾಗಿ ಅಯ್ಯಪ್ಪಾ ಎಂದು ಕೂಗಿಕೊಂಡೆ.

"ತಡಿ" ಎಂದೆ. "ಹಾರನ್ ಹೊಡಿ. ಜನ ಬರ್ತಾರೆ. ಗಾಡಿ ಎತ್ತಿ ಜಗಲಿ ಹತ್ರ ಇಟ್ರೆ ಹಾಗೇ ಜರುಗ್ತೀನಿ."

"ಗಾಡಿ ಹಾಳಾಗಿ ಹೋಗ್ಲಿ" ಎಂದ ಗುರು. ಬಗ್ಗಿ ಒಂದು ಕೈಯನ್ನು ನನ್ನ ಬೆನ್ನ ಹಿಂದೆ, ಇನ್ನೊಂದನ್ನು ಮೊಣಕಾಲಿನ ಕೆಳಗೆ ತೂರಿಸಿ, ಹೂಂ ಎಂದು ನನ್ನನ್ನು ಎತ್ತಿಕೊಂಡುಬಿಟ್ಟ. ನಮ್ಮೂರಿನಲ್ಲಿ ಎಳೆಮಕ್ಕಳನ್ನು ಬಿಟ್ಟರೆ ಯಾರೂ ಯಾರನ್ನೂ ಎತ್ತುವುದಿಲ್ಲ. ಎತ್ತುವುದೆಂದರೆ ನಮಗೆ ಗಾಡಿ. ನನಗೆ ನಾಚಿಕೆಯಾಗಿ, "ಬಿಡೋ, ಬೀಳಿಸ್ತೀಯ" ಎಂದು ಅವನ ಕುತ್ತಿಗೆ ಹಿಡಿದುಕೊಂಡೆ. ಅವನ ಎದೆ ಡವಗುಟ್ಟುವುದು ನನ್ನ ಪಕ್ಕೆಗೆ ಕೇಳುತ್ತಿತ್ತು. ಅವನು ಒಂದೊಂದೇ ಹೆಜ್ಜೆ ಇಟ್ಟು, ಗಾಡಿಯನ್ನು ಬಳಸಿ, ಮೆಟ್ಟಿಲು ಹತ್ತಿ, ನನ್ನನ್ನು ಜಗಲಿಯ ಮೇಲೆ ಇಳಿಸಿದ.

ಇಳಿಸಿದವನು ನೆಟ್ಟಗಾಗಲಿಲ್ಲ. ಎರಡೂ ಕೈಯನ್ನು ಮುಂದೆ ಹಾಗೇ ಚಾಚಿಕೊಂಡು, ಅವುಗಳನ್ನೇ ನೋಡುತ್ತಾ ನಿಂತ. ಏದುಸಿರು ಬಿಡುತ್ತಿದ್ದ. ಆಮೇಲೆ ಗಾಡಿಯ ಕಡೆ ನೋಡಿದ, ಜಗಲಿಯ ಕಡೆ ನೋಡಿದ. ಅವನ ತುಟಿ ಅಲುಗಿತು.

"ಹನ್ನೆರಡು ಹೆಜ್ಜೆ" ಎಂದ.

"ಏನೋ?"

"ನೀನು ಅವಳಿಗಿಂತ ಎರಡರಷ್ಟು ತೂಕ ಇದೀಯಣ್ಣ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗಾಡಿಯಿಂದ ಜಗಲಿಯವರೆಗಿನ ದೂರವನ್ನು ಕಣ್ಣಲ್ಲೇ ಅಳೆದೆ. ಇಪ್ಪತ್ತು ಮಾರು. ಕಡ್ಡಿಯಂಥ ಹೆಂಗಸು. ಮೂವರು ಗಂಡಸರು ಗಾಡಿ ಎತ್ತಲು ನಾಲ್ಕನೆಯವನನ್ನು ಕಾಯುತ್ತಾ ನಿಂತಿದ್ದರು.

"ಎತ್ಕೊಂಡು ಓಡಿದ್ರೆ ಆಗ್ತಿತ್ತು" ಎಂದ ಗುರು. "ನಾನೊಬ್ನೇ ಸಾಕಾಗ್ತಿತ್ತು. ನಂಜುಂಡಣ್ಣನಿಗೂ ಹೊಳೀಲಿಲ್ಲ, ಅವಳಿಗೂ ಹೊಳೀಲಿಲ್ಲ. ನನಗೆ ಇಷ್ಟು ವರ್ಷ ಆದ್ರೂ ಹೊಳೀಲಿಲ್ವಲ್ಲಣ್ಣ! ಈಗ, ನಿನ್ನ ಎತ್ತಿದ ಮೇಲೆ..." ಅವನು ಕುಸಿದು ನನ್ನ ಪಕ್ಕದಲ್ಲಿ ಕೂತ.

ನನಗೂ ಹೊಳೆದಿರಲಿಲ್ಲ. ಆರು ವರ್ಷ ಆ ಮಧ್ಯಾಹ್ನವನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ, ನಾನು ಎದ್ದು ಹೋದ ಹಾಗೆ, ನಾಲ್ಕನೆಯ ಮೂಲೆ ಹಿಡಿದ ಹಾಗೆ ನೂರಾರು ಸಲ ಕಂಡುಕೊಂಡಿದ್ದೇನೆ. ಆ ಕನಸಿನಲ್ಲೂ ನಾವು ನಾಲ್ವರು ಎತ್ತಿದ್ದು ಗಾಡಿಯನ್ನೇ.

ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಷ್ಟು ಹೊತ್ತಿಗೆ ಬೀದಿಯಲ್ಲಿ ನನ್ನ ಗಾಡಿಯ ಹಿಂದೆ ಇನ್ನೂ ಎರಡು ಗಾಡಿ ಬಂದು ನಿಂತಿದ್ದವು. ಹಾರನ್ನು ಶುರುವಾಯಿತು. ಮೂರು ಸಲ, ಉದ್ದಕ್ಕೆ. ಅಕ್ಕಪಕ್ಕದವರು ಬಾಗಿಲು ತೆರೆದು ಇಳಿಯತೊಡಗಿದರು. ಟೈಲರ್ ನಂಜುಂಡ ಕತ್ತಿಗೆ ಅಳತೆಯ ಟೇಪು ಹಾಕಿಕೊಂಡೇ ಬಂದು, ಎರಡು ತುಂಡಾದ ಗಾಡಿಯನ್ನೂ ಜಗಲಿಯ ಮೇಲಿದ್ದ ನಮ್ಮಿಬ್ಬರನ್ನೂ ನೋಡಿ, "ರಾಚಪ್ಪ, ಗುರು, ಬನ್ರೋ, ಒಂದು ಕೈ ಹಾಕಿ" ಎಂದು ಕರೆದ.

ಗುರು ಏಳಲು ನೋಡಿದ. ನಾನು ಅವನ ತೋಳು ಹಿಡಿದು ಕೂರಿಸಿದೆ.

"ಕೂತ್ಕೋ" ಎಂದೆ. "ಅದು ಬರೀ ಗಾಡಿ."